ಕಣ್ಣು ತೆರೆದೇ ಕೂರೋಣ

ಬಾಗಿಲಿಗೆ ಹತ್ತಿರದ ಕುರ್ಚಿಯನ್ನು ಅವಳಿಗೆ ಬಿಡಿ. ಮಾತಿನ ನಡುವೆಯೇ ಎದ್ದು ಹೋಗಬೇಕೆನಿಸಿದರೆ ದಾರಿಗೆ ಯಾರೂ ಅಡ್ಡ ಇರಬಾರದು. ನೀವು ಕಿಟಕಿಯ ಕಡೆ ಕೂತುಕೊಳ್ಳಿ. ಹೊರಗೆ ಸಿಯಾಟಲ್‌ನ ಜಿಟಿಜಿಟಿ ಮಳೆ ಬೆಳಗಿನಿಂದ ಬಿಟ್ಟಿಲ್ಲ. ಅವಳ ಕೋಟಿನಿಂದ ಒದ್ದೆ ಉಣ್ಣೆಯ ವಾಸನೆ ಬರುತ್ತಿದೆ. ಇಸವಿ 1980ರ ಆಸುಪಾಸು. ಮುಂದಿನ ಒಂದಿಷ್ಟು ಹೊತ್ತು ನೀವು ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಸಾಯಬೇಕೆಂದು ಮತ್ತೆ ಮತ್ತೆ ಅಂಚಿಗೆ ಹೋಗುವವರಿಗೆ ಚಿಕಿತ್ಸೆ ಹುಡುಕುವುದು ನಿಮ್ಮ ಕೆಲಸ. ಊರಿನ ಆಸ್ಪತ್ರೆಗಳಿಗೆ ನೀವೇ ಹೇಳಿ ಕಳಿಸಿದ್ದೀರಿ: ಅತ್ಯಂತ ಕಷ್ಟದವರು ಯಾರಿದ್ದಾರೋ ಅವರನ್ನು ನನ್ನಲ್ಲಿಗೆ ಕಳಿಸಿ ಎಂದು.

ಎದುರಿಗಿರುವವಳಿಗೆ ನಾನು ಹೆಸರಿಡುವುದಿಲ್ಲ. ಈ ತೊಂದರೆ ಇರುವ ಎಷ್ಟೋ ಜನ ಆಡುವ ಮಾತು ಇವಳೊಬ್ಬಳ ಬಾಯಲ್ಲಿ ಬರುತ್ತದೆ.

ನೀವು ಕಲಿತಿರುವುದು ವರ್ತನಾ ಚಿಕಿತ್ಸೆ. ತೊಂದರೆ ಎಲ್ಲಿದೆ ಎಂದು ಗುರುತಿಸಬೇಕು, ಬದಲಾಗುವ ದಾರಿ ಕಲಿಸಬೇಕು. ಅದನ್ನೇ ನಂಬಿ ಕೇಳುತ್ತೀರಿ: "ಮೊನ್ನೆ ರಾತ್ರಿ ಬೇರೆ ಏನು ಮಾಡಬಹುದಿತ್ತು, ನೋಡೋಣವಾ?"

ಅಷ್ಟು ಸಾಕು. ಅವಳ ಕತ್ತಿನಿಂದ ಕೆಂಪು ಮೇಲೇರುತ್ತದೆ. "ಅಂದರೆ ತಪ್ಪೆಲ್ಲ ನನ್ನದೇ ಅಂತ ತಾನೇ?" ಕುರ್ಚಿ ಕಿರ್ರೆಂದು ಹಿಂದಕ್ಕೆ ಸರಿಯುತ್ತದೆ. ನಿಮ್ಮ ಎದೆ ಒಮ್ಮೆ ಜೋರಾಗಿ ಬಡಿಯುತ್ತದೆ. ದನಿ ತಗ್ಗಿಸುತ್ತೀರಿ. "ಇಲ್ಲ. ನಿಮ್ಮ ನೋವು ದೊಡ್ಡದು. ಅದು ನನಗೆ ಕಾಣುತ್ತಿದೆ." ಅವಳ ಹೆಗಲು ಒಂದು ಗಳಿಗೆ ಸಡಿಲವಾಗುತ್ತದೆ. ಇನ್ನೇನು ಸರಿಹೋಯಿತು ಅನ್ನುವಾಗಲೇ ಮೊದಲಿಗಿಂತ ದೊಡ್ಡ ಸಿಟ್ಟು. "ಕಾಣುತ್ತಿದೆ, ಸರಿ. ಆಮೇಲೆ? ನಾನು ಇದರಲ್ಲೇ ಬೇಯುತ್ತಾ ಕೂರಬೇಕಾ?"

ಬದಲಾಗು ಎಂದರೆ ಅವಮಾನ. ಇರುವುದನ್ನು ಒಪ್ಪಿಕೋ ಎಂದರೆ ಕೈಬಿಟ್ಟ ಹಾಗೆ. ಎರಡು ಕಡೆಯಿಂದಲೂ ಅವಳು ಹೇಳುತ್ತಿರುವುದು ನಿಜ, ಅದೇ ನಿಮ್ಮನ್ನು ಕಟ್ಟಿಹಾಕಿರುವುದು. ಇಂದು ಸಂಜೆ ಇವಳು ಒಬ್ಬಳೇ ಮನೆಗೆ ಹೋಗುತ್ತಾಳೆ. ಈಗ ನೀವು ಆಡುವ ಮುಂದಿನ ಮಾತಿನ ಭಾರ ನಿಮ್ಮ ನಾಲಿಗೆಯ ಮೇಲೇ ಕೂತಿದೆ.

ಈ ತೊಂದರೆಯ ಬಗ್ಗೆ ಇಷ್ಟು ತಿಳಿದಿರಲಿ. ಬಾರ್ಡರ್‌ಲೈನ್ ಎಂಬ ಮಾತನ್ನು 1938ರಲ್ಲಿ ಅಡಾಲ್ಫ್ ಸ್ಟರ್ನ್ ಎಂಬ ಅಮೆರಿಕದ ಮನೋವಿಶ್ಲೇಷಕ ಬಳಸಿದರು. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಅಧಿಕೃತ ಕೈಪಿಡಿಗೆ ಅದು ಸೇರಿದ್ದು 1980ರಲ್ಲಿ. ಬಿಟ್ಟುಹೋಗುತ್ತಾರೆಂಬ ತಡೆಯಲಾಗದ ಭಯ, ಬೆಳಿಗ್ಗೆ ದೇವರಂತೆ ಕಂಡವರು ಸಂಜೆ ಶತ್ರುವಾಗುವುದು, ತಾನು ಯಾರೆಂಬುದೇ ಕೈಗೆ ಸಿಗದ ಖಾಲಿತನ, ಒಳಗಿನ ನೋವು ತಾಳಲಾರದೆ ತನ್ನ ಮೈಗೇ ನೋವು ಮಾಡಿಕೊಳ್ಳುವುದು. ಮೈಯೆಲ್ಲ ಸುಟ್ಟು ಚರ್ಮವೇ ಇಲ್ಲದವರ ಹಾಗೆ, ಗಾಳಿ ಸೋಕಿದರೂ ಉರಿ ಎಂದು ಲಿನೆಹನ್ ಹೇಳುತ್ತಾರೆ. ಹುಟ್ಟಿನಿಂದಲೇ ಬೇಗ ಉರಿದೇಳುವ, ನಿಧಾನವಾಗಿ ಆರುವ ಮನಸ್ಸು. ಆ ಮನಸ್ಸಿಗೆ "ಇಷ್ಟಕ್ಕೆಲ್ಲ ಅಳುತ್ತಾರಾ, ನಾಟಕ ಬೇಡ" ಎಂದೇ ಉತ್ತರ ಕೊಡುವ ಮನೆ. ಇವೆರಡೂ ವರ್ಷಗಟ್ಟಲೆ ಒಂದಕ್ಕೊಂದು ಉಜ್ಜಿ ಈ ಸ್ಥಿತಿ ಬೆಳೆಯುತ್ತದೆ ಎಂಬುದು ಅವರ ವಾದ.

ಅವರಿಗೆ ಇದು ಪುಸ್ತಕದಿಂದ ಬಂದ ಅರಿವಲ್ಲ. ಬನ್ನಿ, ಇಪ್ಪತ್ತು ವರ್ಷ ಹಿಂದಕ್ಕೆ.

1961. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್. ಇನ್‌ಸ್ಟಿಟ್ಯೂಟ್ ಆಫ್ ಲಿವಿಂಗ್ ಎಂಬ ಮನೋರೋಗ ಆಸ್ಪತ್ರೆ. ನಿಮಗೆ ಹದಿನೇಳು ವರ್ಷ, ಓಕ್ಲಹಾಮಾದ ಟಲ್ಸಾ ಊರಿನಿಂದ ಬಂದಿದ್ದೀರಿ. ಓದಿನಲ್ಲಿ ಚುರುಕು, ಪಿಯಾನೋ ನುಡಿಸುತ್ತಿದ್ದವರು. ಈಗ ಅತಿ ಕಷ್ಟದ ರೋಗಿಗಳ ವಾರ್ಡಿನಲ್ಲಿ, ಅದರೊಳಗಿನ ಒಂಟಿ ಕೋಣೆಯಲ್ಲಿ ಇದ್ದೀರಿ. ಒಂದು ಹಾಸಿಗೆ, ಒಂದು ಕುರ್ಚಿ, ಸರಳು ಹಾಕಿದ ಪುಟ್ಟ ಕಿಟಕಿ. ನೋವು ಮಾಡಿಕೊಳ್ಳಲು ಬಳಸಬಹುದಾದದ್ದನ್ನೆಲ್ಲ ತೆಗೆದುಬಿಟ್ಟಿದ್ದಾರೆ. ಉಳಿದಿರುವುದು ಗೋಡೆ, ನೆಲ. ನೀವು ತಲೆಯನ್ನು ಅವಕ್ಕೇ ಚಚ್ಚಿಕೊಳ್ಳುತ್ತೀರಿ. ಯಾಕೆಂದು ಕೇಳಿದರೆ ನಿಮ್ಮ ಹತ್ತಿರ ಉತ್ತರವಿಲ್ಲ. ಬೇರೆ ಯಾರೋ ಮಾಡುತ್ತಿದ್ದಾರೆ, ಅದನ್ನು ನೀವು ದೂರದಿಂದ ನೋಡುತ್ತಿದ್ದೀರಿ ಅನ್ನಿಸುತ್ತದೆ. ನಾಲಿಗೆ ದಪ್ಪವಾಗಿದೆ, ಬಾಯಿ ಒಣಗಿದೆ, ಥೊರಝೀನ್ ಗುಳಿಗೆ ಇಡೀ ಮೈಯನ್ನು ಮಂಕಾಗಿಸಿದೆ. ಸ್ಕಿಝೋಫ್ರೇನಿಯಾ ಎಂದು ಬರೆದಿದ್ದಾರೆ. ಎರಡು ಸುತ್ತು ವಿದ್ಯುತ್ ಚಿಕಿತ್ಸೆ ಕೊಡುತ್ತಾರೆ. ಅದರೊಂದಿಗೆ ನೆನಪುಗಳೂ ಅಳಿಸಿ ಹೋಗುತ್ತವೆ.

ಅಲ್ಲಿ ನೀವು 26 ತಿಂಗಳು ಇರುತ್ತೀರಿ. ಬಿಡುಗಡೆಯ ಟಿಪ್ಪಣಿಯಲ್ಲಿ, ಇಡೀ ಆಸ್ಪತ್ರೆಯ ಅತಿ ತೊಂದರೆಗೊಳಗಾದ ರೋಗಿಗಳಲ್ಲಿ ಒಬ್ಬಳು ಎಂದು ಬರೆಯುತ್ತಾರೆ. ಆ ಕೋಣೆಯಲ್ಲಿ ನೀವೊಂದು ಶಪಥ ಮಾಡಿದ್ದೀರಿ. ಈ ನರಕದಿಂದ ಹೊರಬರುತ್ತೇನೆ, ಬಂದಮೇಲೆ ತಿರುಗಿ ಬಂದು ಉಳಿದವರನ್ನೂ ಕರೆದುಕೊಂಡು ಹೋಗುತ್ತೇನೆ ಎಂದು. ಹದಿನೇಳು ಹದಿನೆಂಟರ ಹುಡುಗಿಯ ಮಾತನ್ನು ಆಗ ಕೇಳಿಸಿಕೊಂಡವರು ಯಾರೂ ಇರಲಿಲ್ಲ.

1967ಕ್ಕೆ ಬನ್ನಿ. ಷಿಕಾಗೊ. ಹಗಲು ವಿಮಾ ಕಂಪನಿಯೊಂದರಲ್ಲಿ ಗುಮಾಸ್ತೆಯ ಕೆಲಸ, ಸಂಜೆ ಲೊಯೋಲಾ ವಿಶ್ವವಿದ್ಯಾಲಯದ ತರಗತಿ. ನಡುನಡುವೆ ಸಾಯುವ ಆಸೆ ಹಾಗೇ ಇದೆ. ಒಂದು ರಾತ್ರಿ ಸೆನಾಕಲ್ ಎಂಬ ಕ್ಯಾಥೊಲಿಕ್ ಆಶ್ರಯಧಾಮದ ಪುಟ್ಟ ಪ್ರಾರ್ಥನಾ ಕೋಣೆಯಲ್ಲಿ ಮಂಡಿಯೂರಿ ಶಿಲುಬೆಯನ್ನು ನೋಡುತ್ತಿದ್ದೀರಿ. ಇದ್ದಕ್ಕಿದ್ದಂತೆ ಇಡೀ ಕೋಣೆ ಹೊಂಬಣ್ಣಕ್ಕೆ ತಿರುಗಿ ಮಿರುಗುತ್ತದೆ. ಏನೋ ನಿಮ್ಮ ಕಡೆಗೆ ಬರುತ್ತಿದೆ. ಎದ್ದು ನಿಮ್ಮ ಕೋಣೆಗೆ ಓಡುತ್ತೀರಿ. ನನಗೆ ನಾನು ಇಷ್ಟ ಎಂದು ಬಾಯಿಬಿಟ್ಟು ಹೇಳುತ್ತೀರಿ. ಆ ಉತ್ಸಾಹ ಸುಮಾರು ಒಂದು ವರ್ಷ ನಿಲ್ಲುತ್ತದೆ. ಆಮೇಲೆ ಒಂದು ಪ್ರೀತಿ ಮುರಿಯುತ್ತದೆ, ಹಳೆಯ ಕತ್ತಲೆ ಮತ್ತೆ ಬರುತ್ತದೆ. ಆದರೆ ಈ ಸಲ ನೀವು ಮೈಗೆ ನೋವು ಮಾಡಿಕೊಳ್ಳದೆಯೇ ಅದನ್ನು ದಾಟುತ್ತೀರಿ.

ನನಗೆ ಹೊಂಬೆಳಕಿಗಿಂತ ಮುಖ್ಯವಾಗಿ ಕಾಣುವುದು ಆ ವರ್ಷದ ಕೊನೆಯೇ. ಬೆಳಕು ಹೋಯಿತು, ಅವರು ಉಳಿದರು. ಏನು ಬದಲಾಗಿತ್ತು ಎಂಬುದನ್ನು ಅರ್ಥಮಾಡಿಕೊಳ್ಳಲು ಲಿನೆಹನ್‌ಗೆ ವರ್ಷಗಳೇ ಹಿಡಿದವು. 1971ರಲ್ಲಿ ಡಾಕ್ಟರೇಟ್, 1977ರಲ್ಲಿ ಸಿಯಾಟಲ್. ತಾನು ಇರುವಂತೆಯೇ ತನ್ನನ್ನು ಒಪ್ಪಿಕೊಂಡೆ ಎಂಬುದು ಕೊನೆಗೆ ಅವರಿಗೆ ಸಿಕ್ಕ ಉತ್ತರ. ಆದರೆ ಆ ಒಪ್ಪಿಗೆಯನ್ನು ಇನ್ನೊಬ್ಬರಿಗೆ ಕಲಿಸುವುದು ಹೇಗೆ? ಬಾಗಿಲ ಪಕ್ಕದ ಕುರ್ಚಿಯಲ್ಲಿ ಒದ್ದೆ ಕೋಟು ಹಾಕಿ ಕೂತವಳಿಗೆ ಹೊಂಬೆಳಕು ಬರುವ ತನಕ ಕಾಯಿರಿ ಎನ್ನಲಾಗುತ್ತದೆಯೇ?

ಅದಕ್ಕೇ ನೀವು ವಿಶ್ವವಿದ್ಯಾಲಯದಿಂದ ರಜೆ ಪಡೆದು ಕ್ಯಾಲಿಫೋರ್ನಿಯಾದ ಉತ್ತರದ ತುದಿಗೆ ಹೊರಟಿದ್ದೀರಿ. ಮೌಂಟ್ ಶಾಸ್ತಾ ಬೆಟ್ಟದ ಬಳಿಯ ಶಾಸ್ತಾ ಆಬಿ. ಜಪಾನಿನಲ್ಲಿ ಝೆನ್ ಕಲಿತ ಜಿಯು ಕೆನೆಟ್ ಎಂಬ ಇಂಗ್ಲಿಷ್ ಸನ್ಯಾಸಿನಿ 1970ರಲ್ಲಿ ಕಟ್ಟಿದ ಮಠ.

ಬೆಳಗಿನ ಚಳಿ. ಧೂಪದ ವಾಸನೆ, ಮರದ ನೆಲದ ತಣ್ಣಗಿನ ಸ್ಪರ್ಶ. ಗಂಟೆ ಒಮ್ಮೆ ಮೊಳಗುತ್ತದೆ. ಗೋಡೆಗೆ ಮುಖ ಮಾಡಿ ಕೂತಿದ್ದೀರಿ, ಕಣ್ಣು ಅರೆ ತೆರೆದಿದೆ. ಎದುರಿಗೆ ಬರೀ ಗೋಡೆ. ಇಲ್ಲಿ ಯಾರೂ ನಿಮ್ಮನ್ನು ಕೂಡಿ ಹಾಕಿಲ್ಲ, ನೀವಾಗಿಯೇ ಬಂದು ಕೂತಿದ್ದೀರಿ. ಮೊದಲ ಹತ್ತು ನಿಮಿಷ ಸಲೀಸು. ಆಮೇಲೆ ಬಲ ಮಂಡಿಯಲ್ಲಿ ಒಂದು ಎಳೆ ನೋವು ಶುರುವಾಗಿ, ತೊಡೆಗೆ ಹತ್ತಿ, ಸೊಂಟಕ್ಕೆ ಏರುತ್ತದೆ. ಮೂಗಿನ ತುದಿಯಲ್ಲಿ ತುರಿಕೆ. ಕೈ ತಾನಾಗಿಯೇ ಏಳಲು ನೋಡುತ್ತದೆ. ಏಳಬೇಡ. ತುರಿಕೆ ಹೆಚ್ಚುತ್ತದೆ, ಇನ್ನೂ ಹೆಚ್ಚುತ್ತದೆ, ಜಗತ್ತೆಲ್ಲ ಮೂಗಿನ ತುದಿಗೆ ಬಂದು ನಿಲ್ಲುತ್ತದೆ. ಉಸಿರು ಒಳಗೆ. ಉಸಿರು ಹೊರಗೆ. ಇನ್ನು ತಡೆಯಲಾರೆ ಅನ್ನುವ ತುದಿಗೆ ಬಂದು ತುರಿಕೆ ತಾನೇ ಸಣ್ಣಗಾಗುತ್ತದೆ. ಯಾವಾಗ ಹೋಯಿತೆಂದೇ ತಿಳಿಯುವುದಿಲ್ಲ.

ಒತ್ತಡ ಬಂತು, ತುದಿಗೇರಿತು, ನೀವು ಏನೂ ಮಾಡದೆ ಇದ್ದರೂ ಇಳಿಯಿತು. ಮೂಗಿನ ತುದಿಯಲ್ಲಿ ನಡೆದದ್ದು ಎದೆಯೊಳಗಿನ ಬಿರುಗಾಳಿಗೂ ಅನ್ವಯಿಸುತ್ತದೆಯೇ ಎಂಬುದೇ ನೀವು ಇಲ್ಲಿಂದ ಹೊತ್ತುಕೊಂಡು ಹೋಗಬೇಕಾದ ಪ್ರಶ್ನೆ. ಮುಂದೆ ಜರ್ಮನಿಯಲ್ಲಿ ವಿಲಿಗಿಸ್ ಯೇಗರ್ ಎಂಬ ಬೆನೆಡಿಕ್ಟೈನ್ ಪಾದ್ರಿಯ ಬಳಿ ಕೂತು ಇದೇ ಅಭ್ಯಾಸ ಮುಂದುವರಿಸುತ್ತೀರಿ. ಅವರು ಝೆನ್ ಗುರುವೂ ಹೌದು.

ಸಿಯಾಟಲ್‌ಗೆ ಮರಳಿದಾಗ ಎದುರಾಗುವ ಕಷ್ಟ ಬೇರೆ. ಮಠದಲ್ಲಿ ಕೂತ ಹಾಗೆ ಈ ರೋಗಿಗಳನ್ನು ಕೂರಿಸಲಾಗುವುದಿಲ್ಲ. ಬಾಲ್ಯದಲ್ಲಿ ಪೆಟ್ಟು ತಿಂದವರು, ಮೈಮೇಲೆ ದೌರ್ಜನ್ಯವಾದವರು ಇವರಲ್ಲಿ ಬಹಳ ಮಂದಿ. ಕಣ್ಣು ಮುಚ್ಚಿ ಸುಮ್ಮನಿರು ಎಂದರೆ ಅವರಿಗೆ ಸಿಗುವುದು ಶಾಂತಿಯಲ್ಲ. ಯಾವುದರಿಂದ ಇಷ್ಟು ವರ್ಷ ಓಡುತ್ತಿದ್ದಾರೋ ಅದರ ಜೊತೆ ಒಂದೇ ಕೋಣೆಯಲ್ಲಿ ಬಾಗಿಲು ಹಾಕಿದ ಹಾಗಾಗುತ್ತದೆ. ಇಲ್ಲಿ ಲಿನೆಹನ್ ಮಾಡಿದ ಆಯ್ಕೆಯನ್ನು ನಾನು ಅವರ ಎಲ್ಲ ಕೆಲಸಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ತನ್ನನ್ನು ಎತ್ತಿ ನಿಲ್ಲಿಸಿದ ಧ್ಯಾನವನ್ನು ಅವರು ಪೂಜೆಯ ವಸ್ತು ಮಾಡಲಿಲ್ಲ. ಅದನ್ನು ಬಿಡಿಸಿದರು, ಒಂದೊಂದು ನಿಮಿಷದ ತುಂಡು ಮಾಡಿದರು, ಮತದ ಮಾತು ತೆಗೆದರು, ಈಜು ಕಲಿಸುವ ಹಾಗೆ ಹಂತ ಹಂತವಾಗಿ ಕಲಿಸಬಹುದಾದ ಕೌಶಲವಾಗಿ ಬರೆದರು. ಆಮೇಲೆ ಅದನ್ನು ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ನಡೆಯುವ ಮನೋಚಿಕಿತ್ಸೆಯ ಪಕ್ಕದಲ್ಲಿಟ್ಟರು. ಒಂದು ಕೈಯಲ್ಲಿ ಒಪ್ಪಿಗೆ, ಇನ್ನೊಂದು ಕೈಯಲ್ಲಿ ಬದಲಾವಣೆ. ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಚಿಕ್ಕದಾಗಿ ಡಿಬಿಟಿ, ಹುಟ್ಟಿದ್ದು ಹೀಗೆ. ಅದರ ಮೊದಲ ದೊಡ್ಡ ಪರೀಕ್ಷೆಯ ಫಲಿತಾಂಶ 1991ರಲ್ಲಿ ಅಚ್ಚಾಯಿತು. ಒಂದು ವರ್ಷ ಈ ಚಿಕಿತ್ಸೆ ಪಡೆದವರು ತಮಗೆ ತಾವೇ ಹಾನಿ ಮಾಡಿಕೊಳ್ಳುವುದು ಕಡಿಮೆಯಾಗಿತ್ತು, ಆಸ್ಪತ್ರೆಯಲ್ಲಿ ಕಳೆದ ದಿನಗಳು ಕಡಿಮೆಯಾಗಿದ್ದವು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರೂ ಕಡಿಮೆ. 1993ರಲ್ಲಿ ಕೈಪಿಡಿ ಬಂತು.

ಆ ದಿನಗಳಲ್ಲೆಲ್ಲ ಹಾರ್ಟ್‌ಫರ್ಡ್‌ನ ಕೋಣೆಯ ಕಥೆ ಲೋಕಕ್ಕೆ ಗೊತ್ತಿರಲಿಲ್ಲ. ರೋಗಿಯೊಬ್ಬರು ನಿಮ್ಮ ತೋಳಿನ ಮಾಸಿದ ಕಲೆಗಳನ್ನೇ ದಿಟ್ಟಿಸಿ, ನೀವೂ ನಮ್ಮವರಾ ಎಂದು ಕೇಳುತ್ತಾರೆ. ಹೌದೆಂದರೆ ನಿಮ್ಮ ವಿಜ್ಞಾನವನ್ನು ಯಾರು ನಂಬುತ್ತಾರೆ? ಇಲ್ಲವೆಂದರೆ ಈ ಕಣ್ಣುಗಳಿಗೆ ಏನು ಉಳಿಯುತ್ತದೆ? 2011ರ ಜೂನ್‌ನಲ್ಲಿ, 68ನೆಯ ವಯಸ್ಸಿನಲ್ಲಿ, ಅದೇ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ ಜನರ ಮುಂದೆ ನಿಂತು ಲಿನೆಹನ್ ಎಲ್ಲವನ್ನೂ ಹೇಳಿದರು.

ಈಗ ಎದ್ದೇಳಿ. ಕಿಟಕಿಯ ಪಕ್ಕದ ಕುರ್ಚಿ ಸಾಕು. ಬಾಗಿಲ ಹತ್ತಿರದ ಕುರ್ಚಿಗೆ ಬನ್ನಿ. ಇಷ್ಟು ಹೊತ್ತು ನೀವು ಲಿನೆಹನ್ ಆಗಿದ್ದಿರಿ, ಇನ್ನು ಅವಳಾಗಿ. ಕಾಲವೂ ಬದಲಾಗಿದೆ, ನಿಮ್ಮ ಜೇಬಿನಲ್ಲಿ ಈಗ ಮೊಬೈಲ್ ಇದೆ.

ಸಂಜೆಯ ಗುಂಪು ತರಗತಿ. ಏಳೆಂಟು ಜನ, ಉದ್ದನೆಯ ಮೇಜು, ಕಾಗದದ ಲೋಟದಲ್ಲಿ ತಣ್ಣಗಾದ ಕಾಫಿ. ಯಾರೂ ಯಾರ ಮುಖವನ್ನೂ ಪೂರ್ತಿ ನೋಡುತ್ತಿಲ್ಲ. ಕಲಿಸುವವರು ಪುಟ್ಟ ಗಂಟೆ ಬಾರಿಸುತ್ತಾರೆ. "ಎರಡು ನಿಮಿಷ ಉಸಿರನ್ನು ಗಮನಿಸೋಣ. ಬೇಕಾದರೆ ಕಣ್ಣು ಮುಚ್ಚಿಕೊಳ್ಳಿ."

ನೀವು ಮುಚ್ಚುತ್ತೀರಿ. ಒಂದು ಉಸಿರು, ಎರಡು ಉಸಿರು. ಕಾರಿಡಾರಿನಲ್ಲಿ ಯಾರದೋ ಬೂಟಿನ ಸದ್ದು. ಭಾರದ ಹೆಜ್ಜೆ. ಕುತ್ತಿಗೆಯ ಹಿಂದೆ ಕೂದಲು ನಿಲ್ಲುತ್ತದೆ. ಆ ಹೆಜ್ಜೆ ನಿಮಗೆ ಗೊತ್ತು, ಆರು ವರ್ಷದವರಿದ್ದಾಗಿನಿಂದ ಗೊತ್ತು. ಉಸಿರು ಎದೆಯ ಮೇಲೇ ನಿಂತುಬಿಡುತ್ತದೆ. ಅಂಗೈ ಜುಮ್ಮೆನ್ನುತ್ತದೆ. ಕೈ ಎಲ್ಲಿದೆ ತಿಳಿಯುತ್ತಿಲ್ಲ. ಮೇಜು ದೂರ ಹೋಗುತ್ತಿದೆ. ನೀವು ಚಾವಣಿಯ ಹತ್ತಿರ ಎಲ್ಲೋ ಇದ್ದೀರಿ, ಕೆಳಗೆ ಯಾರೋ ಕೂತಿದ್ದಾರೆ.

"ಕಣ್ಣು ತೆರೆಯಿರಿ." ದನಿ ಗಡಸಲ್ಲ, ಗಾಬರಿಯೂ ಇಲ್ಲ. "ಎರಡು ಪಾದವನ್ನೂ ನೆಲಕ್ಕೆ ಒತ್ತಿ. ಒತ್ತಿದಿರಾ? ಈ ಕೋಣೆಯಲ್ಲಿ ನೀಲಿ ಬಣ್ಣದ್ದು ಏನೇನಿದೆ, ಹೇಳಿ."

ಪೆನ್ನು. ಆ ಹುಡುಗನ ಟೋಪಿ. ನೀರಿನ ಬಾಟಲಿಯ ಮುಚ್ಚಳ. ಒಂದೊಂದು ಹೆಸರಿಗೂ ನೀವು ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತೀರಿ. ನೆಲ ಸಿಗುತ್ತದೆ.

"ಇದೂ ಧ್ಯಾನವೇ," ಎನ್ನುತ್ತಾರೆ ಅವರು. "ಮುಂದಿನ ಸಲ ಕಣ್ಣು ತೆರೆದೇ ಇರಿ."

ಈ ಒಂದು ಮಾತಿಗಾಗಿ ನಾನು ಇದೆಲ್ಲ ಬರೆಯುತ್ತಿದ್ದೇನೆ. ನಮ್ಮಲ್ಲಿ ಮನೆಯ ಹುಡುಗಿಯೋ ಹುಡುಗನೋ ಹೀಗೆ ಒಳಗೇ ಉರಿಯುತ್ತಿರುವಾಗ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಧ್ಯಾನ ಮಾಡು, ಎಲ್ಲ ಸರಿಹೋಗುತ್ತೆ ಎಂದು. ಇನ್ನು ಕೆಲವರು ಹತ್ತು ದಿನದ ಮೌನ ಶಿಬಿರಕ್ಕೆ ಹೆಸರು ಬರೆಸಿ ಬಸ್ಸು ಹತ್ತಿಸುತ್ತಾರೆ. ಆರೋಗ್ಯವಂತರಿಗೆ ಒಳ್ಳೆಯದಾಗುವ ಅದೇ ಮೌನ, ಹಿಂದಿನ ಗಾಯ ಮಾಗದವರನ್ನು ಜೊತೆಗೆ ಯಾರೂ ಇಲ್ಲದ ಹೊತ್ತಿನಲ್ಲಿ ಒಡೆದು ಹಾಕಬಲ್ಲದು. ಧ್ಯಾನ ಬೇಕು. ಆದರೆ ಕಣ್ಣು ತೆರೆಯಿರಿ ಎಂದು ಸರಿಯಾದ ಗಳಿಗೆಯಲ್ಲಿ ಹೇಳುವವರೊಬ್ಬರು ಪಕ್ಕದಲ್ಲಿರಬೇಕು. ಚಿಕಿತ್ಸಕರು ಬೇಕು, ಬೇಕಾದಲ್ಲಿ ಮನೋವೈದ್ಯರು ಬೇಕು.

ವಾರಗಳು ಕಳೆಯುತ್ತವೆ. ನೀವು ಕಲಿಯುತ್ತಿರುವುದು ಕೇಳಲು ಸಣ್ಣವು. ಗಮನಿಸುವುದು. ಗಮನಿಸಿದ್ದಕ್ಕೆ ಮಾತು ಕೊಡುವುದು: "ನನ್ನನ್ನು ಎಲ್ಲರೂ ದ್ವೇಷಿಸುತ್ತಾರೆ" ಎಂಬುದನ್ನು "ಎಲ್ಲರೂ ದ್ವೇಷಿಸುತ್ತಾರೆ ಎಂಬ ಯೋಚನೆ ಬಂದಿದೆ, ಹೊಟ್ಟೆ ಬಿಗಿದಿದೆ" ಎಂದು ಹೇಳುವುದು. ಒಳ್ಳೆಯದು ಕೆಟ್ಟದ್ದು ಎಂಬ ತೀರ್ಪು ಬಿಟ್ಟು, ಒಂದು ಸಲಕ್ಕೆ ಒಂದೇ ಕೆಲಸಕ್ಕೆ ಮನಸ್ಸು ಕೊಡುವುದು. ಪಾತ್ರೆ ತೊಳೆಯುವಾಗ ಪಾತ್ರೆಯನ್ನೇ ತೊಳೆಯುವುದು. ತಿಳಿಯಾದ ಕೆರೆಯೊಳಗೆ ಚಪ್ಪಟೆ ಕಲ್ಲಿನ ಚೂರೊಂದು ತೇಲಿ ತೇಲಿ ತಳಕ್ಕೆ ಇಳಿಯುವುದನ್ನು ಊಹಿಸಿಕೊಳ್ಳುವುದು. ತುಟಿಯ ಅಂಚನ್ನು ಕಂಡೂ ಕಾಣದಷ್ಟು ಮೇಲೆತ್ತಿ ಮುಖ ಸಡಿಲಿಸುವ ಅರೆನಗೆಯೂ ಇದೆ, ಅದು ವಿಯೆಟ್ನಾಮಿನ ಬೌದ್ಧ ಸನ್ಯಾಸಿ ಥಿಚ್ ನ್ಯಾಟ್ ಹಾನ್ ಕಲಿಸಿದ್ದು. ಮೊದಮೊದಲು ನಿಮಗೆ ಅದರ ಮೇಲೆ ಸಿಟ್ಟು ಬರುತ್ತದೆ. ನಾನು ಉರಿಯುತ್ತಿರುವಾಗ ನಗು ಅನ್ನುತ್ತಾರಲ್ಲ ಎಂದು. ನಗಬೇಕಾಗಿಲ್ಲ, ದವಡೆ ಬಿಟ್ಟರೆ ಸಾಕು ಎಂದು ತಿಳಿಯಲು ಬಹಳ ದಿನ ಬೇಕಾಗುತ್ತದೆ.

ಮುಂದಕ್ಕೆ ಹೋಗುವ ಮುನ್ನ ಒಂದು ಮಾತು. ಮುಂದಿನ ರಾತ್ರಿ ನಿಮಗೆ ಕಲ್ಪನೆಯ ರಾತ್ರಿಯಾಗಿರದೆ, ನಿಮ್ಮದೇ ರಾತ್ರಿಯಾಗಿದ್ದರೆ, ಓದುವುದನ್ನು ಇಲ್ಲಿಗೇ ನಿಲ್ಲಿಸಿ 14416ಕ್ಕೆ ಕರೆಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ. ಕನ್ನಡದಲ್ಲೇ ಮಾತಾಡಬಹುದು. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ರಾತ್ರಿ ಹನ್ನೊಂದೂವರೆ. ಗೆಳತಿ ಒಂಬತ್ತಕ್ಕೆ ಕರೆಮಾಡುತ್ತೇನೆ ಅಂದಿದ್ದಳು. ನೀವು ಕಳಿಸಿದ ಸಂದೇಶಕ್ಕೆ ಓದಿದ ಗುರುತು ಬಿದ್ದಿದೆ, ಉತ್ತರವಿಲ್ಲ. ಮತ್ತೊಂದು ಕಳಿಸುತ್ತೀರಿ. ಮತ್ತೂ ಒಂದು. ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಮನೆಯನ್ನೆಲ್ಲ ತುಂಬಿದೆ. ಬಿಟ್ಟಳು. ಇವಳೂ ಬಿಟ್ಟಳು. ಹೊಟ್ಟೆಯೊಳಗೆ ಲಿಫ್ಟ್ ಹಗ್ಗ ಹರಿದು ಬಿದ್ದಂತೆ ಏನೋ ಕುಸಿಯುತ್ತದೆ. ಕಿವಿಯಲ್ಲಿ ರಕ್ತದ ಬಡಿತ. ಅವಳಿಗೆ ಬಯ್ಯಬೇಕು. ಕಾಲು ಹಿಡಿದುಕೊಳ್ಳಬೇಕು. ಎರಡೂ ಒಟ್ಟಿಗೆ. ಹಳೆಯ ದಾರಿ ಗೊತ್ತಿದೆ. ಮೈಗೆ ನೋವಾದರೆ ಒಳಗಿನದು ಒಂದು ಗಳಿಗೆ ಬಾಯಿ ಮುಚ್ಚುತ್ತದೆ, ಅದೂ ಗೊತ್ತಿದೆ. ಎದ್ದು ನಿಂತಿದ್ದೀರಿ. ಯಾವಾಗ ಎದ್ದಿರಿ?

ಪಾದ. ನೆಲ ತಣ್ಣಗಿದೆ. ಒತ್ತಿ.

ಈಗ ಉಸಿರು ಎಣಿಸಲು ಹೋಗಬೇಡಿ, ಅದಕ್ಕೆ ನೀವು ತುಂಬ ಮೇಲೇರಿಬಿಟ್ಟಿದ್ದೀರಿ. ಮೊದಲು ಮೈ ಇಳಿಯಬೇಕು. ಬೇಸಿನ್ನಿಗೆ ತಣ್ಣೀರು, ಫ್ರಿಜ್ಜಿನಿಂದ ಒಂದಿಷ್ಟು ಐಸ್. ಉಸಿರು ಹಿಡಿದು ಮುಖ ಮುಳುಗಿಸಿ. ಚಳಿ ಕೆನ್ನೆಯನ್ನು ಕಚ್ಚುತ್ತದೆ, ಕಣ್ಣಿನ ಕೆಳಗೆ ಚುಚ್ಚುತ್ತದೆ. ಇಪ್ಪತ್ತು ಎಣಿಸಿ. ಇಪ್ಪತ್ತೈದು. ಮೂವತ್ತು. ಮುಖ ಎತ್ತುತ್ತೀರಿ, ಗಲ್ಲದಿಂದ ನೀರು ಎದೆಗೆ ಇಳಿಯುತ್ತದೆ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತೀರಿ. ನೀರಿಗೆ ಮುಳುಗಿದಾಗ ಹೃದಯದ ಬಡಿತ ತಾನಾಗಿ ನಿಧಾನವಾಗುವುದು ದೇಹದಲ್ಲೇ ಇರುವ ಏರ್ಪಾಡು. ಡಿಬಿಟಿ ಅದನ್ನೇ ಬಳಸಿಕೊಳ್ಳುತ್ತದೆ. ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು ಎಂದೂ ಹೇಳಿಕೊಟ್ಟಿರುತ್ತಾರೆ.

ಕಿವಿಯ ಬಡಿತ ಒಂದು ಮಟ್ಟ ಇಳಿದಿದೆ. ಒಂದೇ ಮಟ್ಟ. ಆದರೂ ಆ ಸಣ್ಣ ಜಾಗದಲ್ಲಿ ಈಗ ಆಯ್ಕೆಗೆ ಎಡೆಯಿದೆ. ನಿಮ್ಮ ಥೆರಪಿಸ್ಟ್‌ಗೆ ಕರೆಮಾಡಬಹುದು. ಈ ಚಿಕಿತ್ಸೆಯಲ್ಲಿ ಅದಕ್ಕೆ ಅವಕಾಶವಿದೆ, ಒಂದು ಷರತ್ತೂ ಇದೆ. ಹಾನಿ ಮಾಡಿಕೊಳ್ಳುವ ಮೊದಲು ಕರೆ ಮಾಡಬೇಕು. ಮಾಡಿಕೊಂಡ ಮೇಲಾದರೆ, ಪ್ರಾಣಾಪಾಯ ಇದ್ದಲ್ಲಿ ಹೊರತು, 24 ಗಂಟೆ ಕರೆ ಇಲ್ಲ. ಮೊದಲು ಕೇಳಿದಾಗ ಇದು ಕ್ರೂರ ಅನ್ನಿಸಿತ್ತು. ಈಗ ಬಚ್ಚಲ ದೀಪದ ಕೆಳಗೆ, ಮೂಗಿನಿಂದ ನೀರು ತೊಟ್ಟಿಕ್ಕುತ್ತಿರುವಾಗ, ಅದರ ತೂಕ ತಿಳಿಯುತ್ತದೆ. ಕೇಳಿಸಿಕೊಳ್ಳುವವರು ಈ ಕಡೆ ಇದ್ದಾರೆ, ಆ ಕಡೆ ಇಲ್ಲ. ಬೆರಳು ನಡುಗುತ್ತಲೇ ಹೆಸರು ಹುಡುಕುತ್ತದೆ. ಒತ್ತುತ್ತೀರಿ.

"ನಾನು," ಎನ್ನುತ್ತೀರಿ. ಮುಂದೆ ಮಾತು ಬರುತ್ತಿಲ್ಲ.

"ಕರೆಮಾಡಿದ್ದು ಒಳ್ಳೆಯದಾಯಿತು. ಏನಾದರೂ ಮಾಡಿಕೊಂಡಿದ್ದೀರಾ?"

"ಇಲ್ಲ. ಇನ್ನೂ ಇಲ್ಲ."

"ಇಲ್ಲಿಯ ತನಕ ಏನೇನು ಪ್ರಯತ್ನ ಮಾಡಿದಿರಿ?"

ಹತ್ತು ನಿಮಿಷದ ಮಾತು, ಅಷ್ಟೇ. ಹಳೆಯ ಗಾಯಗಳ ವಿಚಾರ ಈಗ ಬೇಡ, ಬೆಳಗಿನ ತನಕ ಹೇಗೆ ಎಂಬುದಷ್ಟೇ. ಕೂತುಕೊಳ್ಳಿ, ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಿ, ಬೆರಳು ಬಿಡಿ, ದವಡೆ ಬಿಡಿ. ಗೆಳತಿಗೆ ನಾಲ್ಕನೆಯ ಸಂದೇಶ ಕಳಿಸಬೇಡಿ. ಅಲೆ ಮತ್ತೆ ಏರುತ್ತದೆ, ನಿಜ. ಏರಿದಾಗ "ಬಂತು" ಅನ್ನಿ. ಎದೆಯಲ್ಲೋ ಹೊಟ್ಟೆಯಲ್ಲೋ ನೋಡಿ.

ಬಂತು. ಹೊಟ್ಟೆಯಲ್ಲಿ. ಮುಷ್ಟಿಯಷ್ಟು ದೊಡ್ಡದು, ಬಿಸಿ. ಬೆರಳುಗಳು ಮಡಚಿಕೊಳ್ಳಲು ನೋಡುತ್ತವೆ. ಬಿಡಿಸುತ್ತೀರಿ. ಉಸಿರು ಒಳಗೆ, ಹೊರಗೆ. ಇಳಿಯಿತು. ಮತ್ತೆ ಬಂತು. ಈಗ ಗಂಟಲಲ್ಲಿ. ಬೆರಳು ಬಿಡಿಸಿ. ಇಳಿಯುತ್ತಿಲ್ಲ. ಇಳಿಯುತ್ತಲೇ ಇಲ್ಲ. ಇನ್ನೊಂದು ಉಸಿರು. ಅಳು ಒತ್ತರಿಸಿ ಬರುತ್ತದೆ, ಹೆಗಲು ಕುಲುಕುವಷ್ಟು ಅಳು, ಕೈ ಮಾತ್ರ ತೆರೆದೇ ಇದೆ. ಒಂದೂವರೆ ಗಂಟೆಯ ಹೊತ್ತಿಗೆ ಸುಸ್ತಾಗಿ, ಒದ್ದೆ ಅಂಗಿಯಲ್ಲೇ ಸೋಫಾದ ಮೇಲೆ ಒರಗುತ್ತೀರಿ. ನೋವು ಹೋಗಿಲ್ಲ. ನೀವು ಏನೂ ಮಾಡಿಕೊಂಡಿಲ್ಲ.

ಇಂಥ ರಾತ್ರಿಗಳ ಲೆಕ್ಕವನ್ನು ಸಂಶೋಧಕರು ಹಿಡಿದಿದ್ದಾರೆ. 2006ರಲ್ಲಿ ಲಿನೆಹನ್ ತಂಡ 101 ಮಹಿಳೆಯರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ ಪ್ರಕಟವಾಯಿತು. ಒಂದು ಗುಂಪಿಗೆ ಡಿಬಿಟಿ, ಇನ್ನೊಂದಕ್ಕೆ ಊರಿನ ನುರಿತ ತಜ್ಞರ ಚಿಕಿತ್ಸೆ. ಆತ್ಮಹತ್ಯೆಯ ಪ್ರಯತ್ನ ಡಿಬಿಟಿ ಗುಂಪಿನಲ್ಲಿ ಅರ್ಧದಷ್ಟು. ಬಾರ್ಸಿಲೋನಾದಲ್ಲಿ ಹೋಕಿಂ ಸೊಲೇರ್ ಮತ್ತು ಸಂಗಡಿಗರು ಅದರಲ್ಲಿನ ಧ್ಯಾನದ ಭಾಗವನ್ನು ಮಾತ್ರ ಬಿಡಿಸಿಕೊಂಡು ಎಂದಿನ ಮನೋವೈದ್ಯಕೀಯ ಚಿಕಿತ್ಸೆಗೆ ಸೇರಿಸಿ ನೋಡಿದರು, ರೋಗಿಗಳ ಗಮನಶಕ್ತಿ ಸುಧಾರಿಸಿತು. ಬಾಸ್ಟನ್ ಬಳಿಯ ಮೆಕ್‌ಲೀನ್ ಆಸ್ಪತ್ರೆಯಲ್ಲಿ ಮೇರಿ ಝನಾರಿನಿ 290 ರೋಗಿಗಳನ್ನು 10 ವರ್ಷ ಬೆನ್ನುಹತ್ತಿ ನೋಡಿದ್ದಾರೆ. ನೂರಕ್ಕೆ 93 ಮಂದಿಯಲ್ಲಿ ಲಕ್ಷಣಗಳು ಕನಿಷ್ಠ ಎರಡು ವರ್ಷ ತಗ್ಗಿ ನಿಂತಿದ್ದವು. ಕೆಲಸ, ಸ್ನೇಹ ಎಲ್ಲವೂ ಸೇರಿ ಬದುಕು ಪೂರ್ತಿ ಹಳಿಗೆ ಬಂದವರು ಅರ್ಧದಷ್ಟು. ಇದು ಸಾಯುವ ತನಕದ ಶಿಕ್ಷೆ ಎಂದು ನಂಬಿ ಕೂತ ಮನೆಗಳಿಗೆ ಈ ಎರಡೂ ಸಂಖ್ಯೆಗಳನ್ನು ಹೇಳಬೇಕು. ಮೊದಲನೆಯದು ಧೈರ್ಯಕ್ಕೆ, ಎರಡನೆಯದು ಮಾಡಬೇಕಾದ ಕೆಲಸ ಎಷ್ಟಿದೆ ಎಂಬುದಕ್ಕೆ.

ಎರಡು ದಿನ ಬಿಟ್ಟು ಮತ್ತೆ ಅದೇ ಕುರ್ಚಿ. ಡೈರಿ ಕಾರ್ಡನ್ನು ಮೇಜಿನ ಮೇಲೆ ತಳ್ಳುತ್ತೀರಿ. ಪ್ರತಿದಿನದ ನೋವು, ಒತ್ತಡ, ಬಳಸಿದ ಕೌಶಲ ಎಲ್ಲ ಅದರಲ್ಲಿ ಅಂಕಿಗಳಾಗಿವೆ. ಹೊಗಳಿಕೆ ಬರುತ್ತದೆಂದು ಕಾಯುತ್ತಿದ್ದೀರಿ. ಅದು ಬರುತ್ತದೆ, ಚಿಕ್ಕದಾಗಿ. ಆಮೇಲೆ ಕೆಲಸ ಶುರು.

"ಆ ದಿನ ಬೆಳಿಗ್ಗೆಯಿಂದ ಹೇಳಿ. ನಿದ್ದೆ ಆಗಿತ್ತಾ?"

"ಇಲ್ಲ."

"ಊಟ?"

ನೀವು ಯೋಚಿಸುತ್ತೀರಿ. "ಮಧ್ಯಾಹ್ನ ಮಾಡಿರಲಿಲ್ಲ."

ಅವರು ಬರೆದುಕೊಳ್ಳುತ್ತಾರೆ. ಕೊಂಡಿಗೆ ಕೊಂಡಿ ಸೇರಿದ ಸರಪಳಿಯನ್ನು ಹೀಗೆ ಒಂದೊಂದಾಗಿ ಬಿಡಿಸುತ್ತಾರೆ. ಸಂದೇಶಕ್ಕೆ ಉತ್ತರ ಬರದಿದ್ದದ್ದು ಹತ್ತನೆಯ ಕೊಂಡಿ. ಮೂರನೆಯದು ಖಾಲಿ ಹೊಟ್ಟೆ. ಐದನೆಯದು ಮಧ್ಯಾಹ್ನ ಅಮ್ಮ ಕರೆಮಾಡಿ, ಇನ್ನೂ ಅದೇ ಡಾಕ್ಟರ ಹತ್ತಿರ ಹೋಗುತ್ತಿದ್ದೀಯಾ ಎಂದು ಕೇಳಿದ್ದು. ಆ ಕ್ಷಣದಲ್ಲಿ ಹೊಟ್ಟೆ ಕುಸಿದಿತ್ತು. ಅದನ್ನು ನೀವು ಗಮನಿಸಿದ್ದೂ ಹೌದು, ಹೆಸರಿಡದೆ ಬಿಟ್ಟದ್ದೂ ಹೌದು. ಇದನ್ನು ಧ್ಯಾನವೊಂದೇ ನಿಮಗೆ ತೋರಿಸುತ್ತಿರಲಿಲ್ಲ. ಕೂತು ಗಮನಿಸಲು ಕಲಿಯದಿದ್ದರೆ ಇವರು ಕೇಳಿದಾಗ ಹೇಳಲು ನಿಮ್ಮ ಹತ್ತಿರ ಏನೂ ಇರುತ್ತಿರಲಿಲ್ಲ.

"ಗೆಳತಿ ಯಾಕೆ ಕರೆಮಾಡಲಿಲ್ಲವಂತೆ?"

"ನಿದ್ದೆ ಹೋಗಿದ್ದಳಂತೆ." ಮುಖ ಬಿಸಿಯಾಗುತ್ತದೆ. "ಕೇಳುವಾಗ ನಾನು ಬಯ್ಯಲಿಲ್ಲ."

"ಮುಂದಿನ ಸಲ ತಡವಾದರೆ ಒಂದು ಸಾಲು ಬರೆ ಎಂದು ಕೇಳಬಹುದಲ್ಲ. ಇಲ್ಲೇ ಒಮ್ಮೆ ಹೇಳಿ ನೋಡೋಣ. ನಾನೇ ಗೆಳತಿ ಅಂದುಕೊಳ್ಳಿ."

ಮೊದಲ ಸಲ ಕ್ಷಮಿಸು ಎಂಬ ಮಾತು ಮೂರು ಬಾರಿ ಬಂದುಬಿಡುತ್ತದೆ. ಎರಡನೆಯ ಸಲ ದನಿ ಏರುತ್ತದೆ. ನಡುವೆ ನಿಲ್ಲಿಸಿ, ಪಾದ ಒತ್ತಿ, ಒಂದು ಉಸಿರು ತೆಗೆದುಕೊಂಡು ಮೂರನೆಯ ಸಲ ಹೇಳುತ್ತೀರಿ. "ನೀನು ಹೇಳಿದ ಹೊತ್ತಿಗೆ ಕರೆ ಬರದಿದ್ದರೆ ನನಗೆ ತುಂಬ ಭಯವಾಗುತ್ತೆ. ತಡವಾದರೆ ಒಂದು ಸಾಲು ಬರೆದುಬಿಡು. ನನಗೆ ಅಷ್ಟು ಸಾಕು."

"ಇದನ್ನು ಇವತ್ತೇ ಅವಳಿಗೆ ಹೇಳಿ," ಎಂದು ಅವರು ಡೈರಿ ಕಾರ್ಡಿನ ಹೊಸ ಹಾಳೆ ಮುಂದಿಡುತ್ತಾರೆ. "ಇನ್ನು ದಿನಾ ಬೆಳಿಗ್ಗೆ ಉಸಿರಿನ ಅಭ್ಯಾಸ. ಐದು ನಿಮಿಷ."

"ಮೂರು," ಎನ್ನುತ್ತೀರಿ.

"ನಾಲ್ಕು. ತಿಂಡಿ ತಿಂದಮೇಲೆ."

"ಕಣ್ಣು ತೆರೆದೇ ಕೂರುತ್ತೇನೆ."

"ತೆರೆದೇ ಕೂರಿ," ಎಂದು ಅವರು ಬರೆದುಕೊಳ್ಳುತ್ತಾರೆ.